ಡ್ಯಾಕ್ ಸಾಕಾ, ಸಾಲದಾ?

ಭಾನುವಾರ ಎದುರು ಮನೆಯ ಗ್ಯಾರೇಜ್ ಬಾಗಿಲು ಗರಗರ ಅಂತ ಮೇಲೆದ್ದರೆ ಆಟಕ್ಕೆ ಇನ್ನು ಅರ್ಧ ಗಂಟೆ ಅಂತ ಅರ್ಥ. ಆ ಮನೆಯ ಅಜ್ಜ ಮಡಚುವ ಕುರ್ಚಿಗಳನ್ನು ಒಂದೊಂದಾಗಿ ಬಿಡಿಸಿ ಸಾಲಾಗಿ ಇಡುತ್ತಾರೆ. ಅವರ ಹಿತ್ತಲಲ್ಲಿ ಬೆಳಗ್ಗೆಯಿಂದ ಮಾಂಸ ಹೊಗೆಯಲ್ಲಿ ಬೇಯುತ್ತಿರುತ್ತದೆ. ನಾನು ಚಿತ್ರಾನ್ನ, ಕೋಡುಬಳೆ ತಗೊಂಡು ಹೋಗುತ್ತೇನೆ. ಆಟ ಶುರುವಾಗುವ ಮುಂಚೆಯೇ ಅಲ್ಲಿ ವಾದ ಶುರುವಾಗಿರುತ್ತದೆ. ವರ್ಷ ಎಷ್ಟು ಕಳೆದರೂ ವಾದ ಒಂದೇ, ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡದ ಮುಖ್ಯ ಆಟಗಾರ ಡ್ಯಾಕ್ ಕಪ್ ಗೆಲ್ಲಿಸಬಲ್ಲನಾ ಅನ್ನುವುದು. ಡ್ಯಾಕ್ ಸಾಕಾ, ಸಾಲದಾ?

ನಾವಿರುವುದು ಟೆಕ್ಸಸ್‌ನ ಫ್ರಿಸ್ಕೋದಲ್ಲಿ. ಡ್ಯಾಲಸ್‌ನಿಂದ ಉತ್ತರಕ್ಕೆ. ಡ್ಯಾಲಸ್ ಕೌಬಾಯ್ಸ್ ತಂಡದ ಕಚೇರಿ, ಅಭ್ಯಾಸದ ಮೈದಾನ ಎರಡೂ ನಮ್ಮೂರಲ್ಲೇ ಇವೆ. ಅದು ತೆರೆದಿದ್ದು 2016ರಲ್ಲಿ. ನಾವು ಈ ಊರಿಗೆ ಬಂದಿದ್ದೂ ಅದೇ ವರ್ಷ. ಡ್ಯಾಕ್ ಪ್ರೆಸ್ಕಾಟ್ ಬಂದಿದ್ದೂ ಅದೇ ವರ್ಷ. ಹಾಗಾಗಿ ಈ ಹುಡುಗನ ಬಗ್ಗೆ ನನಗೆ ಮೊದಲಿಂದಲೂ ಒಂಥರಾ ಮಮತೆ.

ಊರಲ್ಲಿರುವವರಿಗೆ ಈ ಆಟದ ಬಗ್ಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದೊಂದು ತಂಡಕ್ಕೆ 11 ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಪ್ರಯತ್ನ. ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಹೆಚ್ಚಿನ ಪ್ರಯತ್ನಗಳಲ್ಲಿ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ನಮ್ಮ ತಂಡದಲ್ಲಿ ಅದು ಡ್ಯಾಕ್. ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು, ಇಲ್ಲಾ ತಾನೇ ಓಡಬೇಕಾ, ಯೋಜನೆ ತರಬೇತುದಾರರು ಕೊಟ್ಟರೂ ಆ ಕ್ಷಣದ ತೀರ್ಮಾನ ಅವನದೇ. ಅದಕ್ಕೆ ಅವನಿಗೆ ಸಿಗುವುದು ಎರಡೂವರೆ, ಮೂರು ಸೆಕೆಂಡ್. ಅಷ್ಟರಲ್ಲಿ ನೂರಿಪ್ಪತ್ತು, ನೂರೈವತ್ತು ಕೆಜಿ ತೂಕದ ಆಳುಗಳು ಅವನ ಮೇಲೆ ನುಗ್ಗಿ ಬರುತ್ತಿರುತ್ತಾರೆ.

ಡ್ಯಾಕ್ ಲೂಯಿಸಿಯಾನಾದವನು. ಅಮ್ಮ ಮೂರು ಗಂಡುಮಕ್ಕಳನ್ನು ಕಷ್ಟಪಟ್ಟು ಬೆಳೆಸಿದರು. ಅವನು ಕಾಲೇಜಿನಲ್ಲಿದ್ದಾಗಲೇ, 2013ರಲ್ಲಿ, ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ತಂಡಗಳು ಕಾಲೇಜು ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2016ರಲ್ಲಿ, ಕೌಬಾಯ್ಸ್ ಅವನನ್ನು ಆರಿಸಿದ್ದು ನಾಲ್ಕನೇ ಸುತ್ತಿನಲ್ಲಿ, ಒಟ್ಟು 135ನೆಯವನಾಗಿ. ಅಂದರೆ ಯಾರೂ ಅವನಿಂದ ದೊಡ್ಡದೇನೂ ನಿರೀಕ್ಷೆ ಮಾಡಿರಲಿಲ್ಲ. ಆಗಸ್ಟ್‌ನಲ್ಲಿ ಆಗಿನ ಕ್ವಾರ್ಟರ್‌ಬ್ಯಾಕ್ ಟೋನಿ ರೋಮೋ ಬೆನ್ನುಮೂಳೆಗೆ ಪೆಟ್ಟಾಯಿತು. ಹೊಸ ಹುಡುಗನನ್ನು ಇಳಿಸಿದರು. ಮೊದಲ 176 ಎಸೆತಗಳಲ್ಲಿ ಒಂದೂ ಎದುರಾಳಿ ಕೈಗೆ ಹೋಗಲಿಲ್ಲ. ತಂಡ 13 ಗೆದ್ದು 3 ಸೋತಿತು. ಆ ವರ್ಷ ಈ ಊರಿನ ಖುಷಿ ನೋಡಬೇಕಿತ್ತು. ದಿನಸಿ ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿಯಿಂದ ಹಿಡಿದು ದಂತವೈದ್ಯರವರೆಗೆ ಎಲ್ಲರ ಮೈಮೇಲೂ 4ನೇ ನಂಬರಿನ ಅಂಗಿ.

ಆಮೇಲೆ ಜನವರಿ ಬಂತು. ಗ್ರೀನ್ ಬೇ ಪ್ಯಾಕರ್ಸ್ ಮೇಲೆ ಕೊನೇ ಕ್ಷಣದ ಒದೆತಕ್ಕೆ 34–31ರಿಂದ ಸೋತರು. ಈ ವಾದದ ಬೇರು ಇರುವುದು ಇಲ್ಲೇ. ಸೆಪ್ಟೆಂಬರ್‌ನಿಂದ ಶುರುವಾಗುವ ಲೀಗ್‌ನಲ್ಲಿ ಡ್ಯಾಕ್ ಗೆಲ್ಲಿಸುತ್ತಾನೆ. ಜನವರಿಯ ಪ್ಲೇಆಫ್‌ನಲ್ಲಿ ಗೆಲುವು ಕೈಗೆ ಸಿಗುವುದಿಲ್ಲ. ಇದುವರೆಗೆ ಪ್ಲೇಆಫ್‌ನಲ್ಲಿ ಎರಡು ಗೆಲುವು, ಐದು ಸೋಲು. ಐದು ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದ ತಂಡ ಇದು. ಕೊನೆಯದನ್ನು ಗೆದ್ದಿದ್ದು 1996ರ ಜನವರಿಯಲ್ಲಿ. ಅದಾದ ಮೇಲೆ ಸೂಪರ್ ಬೌಲ್ ಹಾಗಿರಲಿ, ಅದರ ಹಿಂದಿನ ಮೆಟ್ಟಿಲನ್ನೂ ಮುಟ್ಟಿಲ್ಲ.

ಅಜ್ಜನ ಪ್ರಕಾರ ಡ್ಯಾಕ್ ಸಾಲದು. ಅವರು ಇದೇ ತಂಡದ ಹಳೇ ಕ್ವಾರ್ಟರ್‌ಬ್ಯಾಕ್‌ಗಳನ್ನು ಕಂಡವರು. ರೋಜರ್ ಸ್ಟಾಬ್ಯಾಕ್ ಆಟ ನೋಡಿದವರು, ಟ್ರಾಯ್ ಏಕ್‌ಮನ್ ಕಪ್ ಎತ್ತಿದ್ದನ್ನೂ ನೋಡಿದವರು. ಅವರ ಅಳತೆ ದೊಡ್ಡದು. ಅವರ ಮಗಳ ಪ್ರಕಾರ ಡ್ಯಾಕ್ ಇಲ್ಲದಿದ್ದರೆ ಈ ತಂಡ ಎಂದೋ ಮುಳುಗುತ್ತಿತ್ತು. ನನ್ನ ಮಗ ಫೋನಿನಲ್ಲಿ ಅಂಕಿ ಹುಡುಕಿ ಇಬ್ಬರಿಗೂ ಒದಗಿಸುತ್ತಾನೆ.

ಅಜ್ಜನ ಮಗಳ ವಾದ ನನಗೆ ಆಟ ನೋಡುವುದನ್ನೇ ಕಲಿಸಿತು. ಚೆಂಡು ಎಸೆದ ಮೇಲೆ ನೋಡಬೇಡ, ಎಸೆಯುವ ಮುಂಚೆ ನೋಡು ಅಂದರು. ಡ್ಯಾಕ್ ಸಾಲಿನ ಹಿಂದೆ ನಿಂತು ಎದುರಾಳಿಗಳ ಮೇಲೆ ಕಣ್ಣಾಡಿಸುತ್ತಾನೆ. ಒಬ್ಬನನ್ನು ಬೆರಳು ಮಾಡಿ ತೋರಿಸುತ್ತಾನೆ. ಏನೋ ಕೂಗಿ ತನ್ನವರ ಜಾಗ ಬದಲಾಯಿಸುತ್ತಾನೆ. ಆಮೇಲೆ ಅವನ ಆ ಪ್ರಸಿದ್ಧ ಕೂಗು, ‘ಯಾ, ಹಿಯರ್ ವೀ ಗೋ!’ ಟಿವಿಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ನಮ್ಮ ಬೀದಿಯ ಮಕ್ಕಳೆಲ್ಲ ಸೈಕಲ್ ಹತ್ತುವ ಮುಂಚೆ ಹಾಗೇ ಕೂಗುತ್ತಾರೆ. ಎದುರಾಳಿ ಏನು ಮಾಡಲಿದ್ದಾನೆ ಅಂತ ಮೊದಲೇ ಓದುವುದರಲ್ಲಿ ಅವನು ಗಟ್ಟಿಗ. ಚೆಂಡನ್ನು ಓಡುವವನ ಕೈಗೆ ಕೊಟ್ಟ ಹಾಗೆ ಮಾಡಿ, ಕೊಡದೆ ಹಿಂದೆ ಸರಿದು ಎಸೆಯುವುದರಲ್ಲೂ ಚೆನ್ನಾಗಿ ಪಳಗಿದ್ದಾನೆ. ಚೆಂಡನ್ನು ಎದುರಾಳಿಯ ಕೊನೇ ಗೆರೆ ದಾಟಿಸಿ ಅಂಕ ಗಳಿಸುವುದಕ್ಕೆ ಟಚ್‌ಡೌನ್ ಅಂತಾರೆ. 2023ರ ಲೀಗ್‌ನಲ್ಲಿ ಟಚ್‌ಡೌನ್‌ಗೆ 36 ಎಸೆತ ಅವನದು. ಇಡೀ ಲೀಗ್‌ನಲ್ಲಿ ಅದೇ ಹೆಚ್ಚು. ಆ ವರ್ಷದ ಶ್ರೇಷ್ಠ ಆಟಗಾರನ ಮತದಾನದಲ್ಲಿ ಎರಡನೆಯವನಾದ.

ಅಜ್ಜ ಇದನ್ನೆಲ್ಲ ಒಪ್ಪುತ್ತಾರೆ. ಅವರ ತಕರಾರು ಬೇರೆ. ಓದಿದ್ದು ತಪ್ಪಾದರೆ ಏನು ಮಾಡ್ತಾನೆ ಅನ್ನುವುದು.

ಅದನ್ನು ಅವರು ನನಗೆ ತೋರಿಸಿಕೊಟ್ಟಿದ್ದು 2024ರ ಜನವರಿ 14ರಂದು. ಮೈ ಕೊರೆಯುವ ಚಳಿ. ಗ್ಯಾರೇಜ್‌ನಲ್ಲಿ ಕೂರಲು ಆಗದೆ ಎಲ್ಲರೂ ಅವರ ಊಟದ ಮೇಜಿನ ಸುತ್ತ ಇದ್ದೆವು. ಇಲ್ಲಿ ಮಧ್ಯಾಹ್ನ ಮೂರೂವರೆ ಅಂದರೆ ಊರಲ್ಲಿ ಆಗಲೇ ಸಂಕ್ರಾಂತಿಯ ಬೆಳಗಿನ ಜಾವ. ನಾನು ಒಂದು ತಟ್ಟೆ ತುಂಬಾ ಎಳ್ಳು ಬೆಲ್ಲ, ಒಂದಷ್ಟು ಸಕ್ಕರೆ ಅಚ್ಚು ತಂದಿದ್ದೆ. ಮತ್ತೆ ಎದುರಿಗೆ ಅದೇ ಗ್ರೀನ್ ಬೇ, ಏಳನೇ ಶ್ರೇಯಾಂಕದ ತಂಡ. ಆ ಶ್ರೇಯಾಂಕದವರು ಪ್ಲೇಆಫ್‌ನಲ್ಲಿ ಅಲ್ಲಿಯವರೆಗೆ ಗೆದ್ದೇ ಇರಲಿಲ್ಲ. ನಮ್ಮವರೋ ಸ್ವಂತ ಮೈದಾನದಲ್ಲಿ ಸತತ 16 ಆಟ ಗೆದ್ದವರು.

ಮೊದಲಾರ್ಧ ಮುಗಿಯುವ ಮುಂಚೆಯೇ 27–0 ಆಗಿತ್ತು. ಡ್ಯಾಕ್ ಎಸೆದ ಎರಡು ಚೆಂಡು ಎದುರಾಳಿ ಕೈಗೆ. ಎರಡನೆಯದನ್ನು ಡಾರ್ನೆಲ್ ಸ್ಯಾವೇಜ್ ಅಡ್ಡ ಬಂದು ಹಿಡಿದು 64 ಗಜ ಓಡಿ ಟಚ್‌ಡೌನ್ ಮಾಡಿಬಿಟ್ಟ. ಮೇಜಿನ ಸುತ್ತ ಯಾರೂ ಉಸಿರೆತ್ತಲಿಲ್ಲ.

ವಿರಾಮದಲ್ಲಿ ಅಜ್ಜ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಹುರಿಗಡಲೆ ಆರಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ಅದು ಎದುರಾಳಿ. ಕೊಬ್ಬರಿ ಚೂರುಗಳು ನಮ್ಮವರು. ಒಂದು ಸಕ್ಕರೆ ಅಚ್ಚನ್ನು ನಡುವೆ ನಿಲ್ಲಿಸಿದರು. ಅದು ಡ್ಯಾಕ್. ಎರಡು ಕಡಲೆಯನ್ನು ದೂರ ಹಿಂದೆ ಇಟ್ಟು, ‘ಇವರಿಬ್ಬರು ಸೇಫ್ಟಿಗಳು, ಹಿಂದೆ ನಿಂತು ಕಾಯುವವರು. ಇವರು ನಮ್ಮ ಓಟಗಾರರನ್ನು ನೋಡ್ತಾ ಇಲ್ಲ. ಡ್ಯಾಕ್ ಕಣ್ಣು ನೋಡ್ತಿದಾರೆ’ ಅಂದರು. ಒಂದು ಕಡಲೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಮುಂದೆ ತಳ್ಳಿದರು. ‘ಅವನು ಒಂದೇ ಕಡೆ ನೋಡಿದ. ಇವನು ಅಲ್ಲಿಗೇ ಬಂದ.’ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನೋವಿತ್ತು.

ಕೊನೆಗೆ 48–32. ಡ್ಯಾಕ್ ಹೆಸರಲ್ಲಿ 403 ಗಜ, ಮೂರು ಟಚ್‌ಡೌನ್. ನನ್ನ ಮಗ ಅಂಕಿ ಓದಿದ. ಅಜ್ಜ ತಲೆ ಅಲ್ಲಾಡಿಸಿದರು. ಆಟ ಕೈಬಿಟ್ಟ ಮೇಲೆ ಬಂದ ಗಜಕ್ಕೆ ಬೆಲೆ ಇಲ್ಲ ಅಂದರು. ಆ ದಿನದ ಮಟ್ಟಿಗೆ ನಾನೂ ಅವರ ಕಡೆಯೇ. ಆ ಮೊದಲಾರ್ಧ ಡ್ಯಾಕ್‌ದೇ ತಪ್ಪು. ಆದರೆ ಅಷ್ಟೊಂದು ಅಂಕ ಬಿಟ್ಟುಕೊಟ್ಟ ರಕ್ಷಣೆಯ ಬಗ್ಗೆ ಮಾರನೇ ದಿನ ನಾನು ಕೆಲಸದ ಜಾಗದಲ್ಲಿ ಒಂದು ಮಾತೂ ಕೇಳಲಿಲ್ಲ. ಅದು ನ್ಯಾಯವಾ?

2022ರ ಜನವರಿಯ ಸೋಲನ್ನು ನಾನು ಅವನ ತಲೆಗೆ ಕಟ್ಟುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಮೇಲೆ 23–17ರಿಂದ ಹಿಂದಿದ್ದರು. 14 ಸೆಕೆಂಡ್ ಉಳಿದಿತ್ತು, ಗಡಿಯಾರ ನಿಲ್ಲಿಸುವ ಟೈಮ್‌ಔಟ್ ಒಂದೂ ಇರಲಿಲ್ಲ. ಡ್ಯಾಕ್ ನಡುವಿನಿಂದ 17 ಗಜ ಓಡಿ ಕೆಳಗೆ ಜಾರಿದ. ಬೇಗ ಬೇಗ ಚೆಂಡನ್ನು ತನ್ನ ಸೆಂಟರ್ ಕೈಗೆ, ಅಂದರೆ ಪ್ರತಿ ಪ್ರಯತ್ನಕ್ಕೂ ಚೆಂಡು ಹಿಂದಕ್ಕೆ ಕೊಡುವವನ ಕೈಗೆ, ಕೊಟ್ಟ. ನಿಯಮದ ಪ್ರಕಾರ ಮುಂದಿನ ಆಟಕ್ಕೆ ಅಂಪೈರ್ ಚೆಂಡು ಮುಟ್ಟಬೇಕು. ಅಂಪೈರ್ ಹಿಂದಿನಿಂದ ಓಡಿ ಬಂದು, ಆಟಗಾರರ ನಡುವೆ ತೂರಿ, ಚೆಂಡು ಇಡುವಷ್ಟರಲ್ಲಿ ಗಡಿಯಾರ ಸೊನ್ನೆ. ಅಂಥ ಹೊತ್ತಲ್ಲಿ ಓಡುವ ಯೋಜನೆ ಕೊಟ್ಟಿದ್ದು ತರಬೇತುದಾರರು. ಬೈಸಿಕೊಂಡಿದ್ದು ಹೆಚ್ಚಾಗಿ ಡ್ಯಾಕ್.

ದುಡ್ಡಿನ ಮಾತು ಬಂದರೆ ವಾದ ಇನ್ನೂ ಜೋರಾಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಡ್ಯಾಕ್‌ಗೆ ನಾಲ್ಕು ವರ್ಷಕ್ಕೆ 24 ಕೋಟಿ ಡಾಲರ್ ಒಪ್ಪಂದ ಆಯಿತು. ವರ್ಷಕ್ಕೆ ಸರಾಸರಿ 6 ಕೋಟಿ. ಅಷ್ಟು ಅಲ್ಲಿಯವರೆಗೆ ಈ ಲೀಗ್‌ನಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಇಡೀ ತಂಡದ ಸಂಬಳಕ್ಕೆ ಲೀಗ್ ಹಾಕಿದ್ದ ಮಿತಿ ಆ ವರ್ಷ 25.54 ಕೋಟಿ ಡಾಲರ್. ನಮ್ಮ ಐಪಿಎಲ್ ಹರಾಜಿನಲ್ಲಿ ಫ್ರಾಂಚೈಸಿಗೆ ಇಷ್ಟೇ ಖರ್ಚು ಅಂತ ಇರುತ್ತಲ್ಲ, ಹಾಗೇ. ಒಬ್ಬನಿಗೆ ಜಾಸ್ತಿ ಕೊಟ್ಟರೆ ಉಳಿದವರಿಗೆ ಕಡಿಮೆ. ಆದರೆ ಆ ಒಪ್ಪಂದವನ್ನು ಕೊನೇ ಗಳಿಗೆವರೆಗೆ, ಮೊದಲ ಆಟದ ಬೆಳಗ್ಗೆವರೆಗೆ, ಎಳೆದಿದ್ದು ತಂಡದವರು. ಜೆರ್ರಿ ಜೋನ್ಸ್ 1989ರಿಂದ ಮಾಲೀಕರು, ಆಟಗಾರರನ್ನು ಆರಿಸುವ ಜವಾಬ್ದಾರಿಯೂ ಅವರದೇ. ಬೇಗ ಮುಗಿಸಿದ್ದರೆ ಕಡಿಮೆಗೆ ಮುಗಿಯುತ್ತಿತ್ತು ಅಂತ ಅಜ್ಜನ ಮಗಳು ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ಅದೇ ನವೆಂಬರ್‌ನಲ್ಲಿ ಡ್ಯಾಕ್ ತೊಡೆಯ ಸ್ನಾಯು ಹರಿದುಕೊಂಡು ಆ ಸಲದ ಉಳಿದ ಆಟಗಳಿಂದ ಹೊರಗಾದ. ಅಜ್ಜ ಆ ವಾರ ವಾದಕ್ಕೇ ಬರಲಿಲ್ಲ. ಪೆಟ್ಟಾದವನ ಬಗ್ಗೆ ಅವರು ಮಾತಾಡುವುದಿಲ್ಲ.

ಅಜ್ಜನ ಈ ಗುಣ ನನಗೆ ಗೊತ್ತಾಗಿದ್ದು 2020ರಲ್ಲಿ. ಆ ಆಗಸ್ಟ್‌ನಲ್ಲಿ ಹಾಸನದಲ್ಲಿ ನಮ್ಮ ಅಪ್ಪ ತೀರಿಕೊಂಡರು. ಕೊರೊನಾ ಕಾಲ, ಹೋಗಲು ಆಗಲಿಲ್ಲ. ಫೋನಿನ ಪರದೆಯಲ್ಲೇ ಎಲ್ಲ ನೋಡಿದೆ. ಅದೇ ವರ್ಷ ಏಪ್ರಿಲ್‌ನಲ್ಲಿ ಡ್ಯಾಕ್‌ನ ಅಣ್ಣ ಜೇಸ್ ಆತ್ಮಹತ್ಯೆ ಮಾಡಿಕೊಂಡಿದ್ದರು. ಸೆಪ್ಟೆಂಬರ್‌ನಲ್ಲಿ ಡ್ಯಾಕ್, ತನಗೂ ಆ ದಿನಗಳಲ್ಲಿ ಆತಂಕ, ಖಿನ್ನತೆ ಬಂದಿತ್ತು ಅಂತ ಎಲ್ಲರೆದುರು ಹೇಳಿಕೊಂಡ. ತಂಡದ ನಾಯಕನಾದವನು ಹೀಗೆ ಹೇಳಬಾರದಿತ್ತು ಅಂದವರೂ ಇದ್ದರು. ಅಜ್ಜ ಆವತ್ತು ಸಂಜೆ ನಮ್ಮ ಮನೆ ಮೆಟ್ಟಿಲ ಮೇಲೆ, ಮಾಸ್ಕ್ ಹಾಕಿಕೊಂಡು, ಆರಡಿ ದೂರದಲ್ಲಿ ಕೂತರು. ‘ಅವನೇ ಹೇಳ್ತಾನೆ ಅಂದ್ರೆ ನೀನೂ ಹೇಳ್ಕೋಬಹುದು’ ಅಂದರು. ನಾನು ಅಪ್ಪನ ಬಗ್ಗೆ ಒಂದು ಗಂಟೆ ಮಾತಾಡಿದೆ. ಮುಂದಿನ ತಿಂಗಳು, ಅಕ್ಟೋಬರ್ 11ರಂದು, ಡ್ಯಾಕ್‌ನ ಬಲಗಾಲ ಹರಡು ಮುರಿದು ತಿರುಗಿಹೋಯಿತು. ಗಾಡಿಯಲ್ಲಿ ಅಳುತ್ತಾ ಹೊರಗೆ ಹೋಗುವುದನ್ನು ನೋಡಿ ಅಜ್ಜನೂ ಅತ್ತರು. ಮೊದಲಿನ ಹಾಗೆ ಓಡುವುದು ಅವನಿಗೆ ಆಮೇಲೆ ಕಡಿಮೆಯಾಯಿತು. ಮೊದಲ ಮೂರು ವರ್ಷ ವರ್ಷಕ್ಕೆ ಆರು ಟಚ್‌ಡೌನ್ ಸ್ವಂತ ಕಾಲಲ್ಲಿ ಓಡಿ ಮಾಡಿದ್ದ ಹುಡುಗ ಅವನು.

ನನ್ನ ಅಭಿಪ್ರಾಯ ಏನು ಅಂತ ಅಜ್ಜ ನೇರವಾಗಿ ಕೇಳಿದ್ದು 2025ರ ಜೂನ್ 3ರಂದು. ಆವತ್ತು ಬೆಳಗ್ಗೆಯಿಂದ ನಾನು ರಜೆ ಹಾಕಿ ಆರ್‌ಸಿಬಿ ಫೈನಲ್ ನೋಡುತ್ತಿದ್ದೆ. ಆರು ರನ್‌ಗಳಿಂದ ಗೆದ್ದಾಗ ಕೆಂಪು ಅಂಗಿಯಲ್ಲೇ ಬೀದಿಗೆ ಓಡಿಬಂದೆ. ಅಜ್ಜ ಗಾಬರಿಯಾಗಿ ಏನಾಯಿತು ಅಂದರು. 18 ವರ್ಷ ಅಂದೆ. ಒಬ್ಬನೇ ಆಟಗಾರ 18 ವರ್ಷವೂ ಒಂದೇ ತಂಡದಲ್ಲಿ ಇದ್ದ, ಅವನಿಂದ ಕಪ್ ಬರಲ್ಲ ಅಂತ ಜನ ಅಂತಿದ್ದರು ಅಂದೆ. ‘ಹಾಗಾದ್ರೆ ಇವತ್ತು ಅವನೇ ಗೆಲ್ಲಿಸಿದನಾ?’ ಅಂತ ಕೇಳಿದರು. ನಾನು ಒಂದು ಕ್ಷಣ ಯೋಚಿಸಿದೆ. ಕೊಹ್ಲಿ ಆವತ್ತು 35 ಎಸೆತಕ್ಕೆ 43. ನಿಧಾನ ಆಡಿದ ಅಂತ ಊರಿನ ಗುಂಪಿನಲ್ಲಿ ಆಗಲೇ ಮೆಸೇಜ್ ಬಂದಿತ್ತು. ಪಂದ್ಯ ತಿರುಗಿಸಿದ್ದು ಕೃನಾಲ್ ಪಾಂಡ್ಯ, ನಾಲ್ಕು ಓವರ್, 17 ರನ್, ಎರಡು ವಿಕೆಟ್. ‘ಇಲ್ಲ. ಅವನು ಇಷ್ಟು ವರ್ಷ ಹೊತ್ತುಕೊಂಡಿದ್ದ. ಇವತ್ತು ಉಳಿದವರು ಬಂದರು’ ಅಂದೆ. ಡ್ಯಾಕ್ ಬಗ್ಗೆಯೂ ನನಗೆ ಅನ್ನಿಸುವುದು ಅಷ್ಟೇ. ಅಜ್ಜ ತುಂಬಾ ಹೊತ್ತು ಸುಮ್ಮನಿದ್ದರು. ಮಾರನೇ ದಿನ ಚಿನ್ನಸ್ವಾಮಿ ಹೊರಗೆ 11 ಜನ ಸತ್ತ ಸುದ್ದಿ ಬಂದಾಗ ಮೊದಲು ಬಾಗಿಲು ತಟ್ಟಿದವರೂ ಅವರೇ.

ಅದೇ ವರ್ಷ ನವೆಂಬರ್ 23ರಂದು ಫಿಲಡೆಲ್ಫಿಯಾ ಈಗಲ್ಸ್ ಮೇಲೆ 21–0 ಹಿಂದೆ ಬಿದ್ದು, 24–21ರಿಂದ ಗೆದ್ದರು. ಎಸೆದ ಗಜಗಳ ಲೆಕ್ಕದಲ್ಲಿ ಡ್ಯಾಕ್ ಆವತ್ತು ರೋಮೋವನ್ನೂ ದಾಟಿದ. ಈ ತಂಡದ ಇತಿಹಾಸದಲ್ಲೇ ಈಗ ಅವನೇ ಮೊದಲು. ಅಜ್ಜ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಕೂತು, ‘ರೋಮೋಗೂ ಕಪ್ ಸಿಗಲಿಲ್ಲ’ ಅಂದರು.

ಆ ಸಲ ಪ್ಲೇಆಫ್‌ಗೇ ಹೋಗಲಿಲ್ಲ. ಸಂಕ್ರಾಂತಿ ದಿನ ಎಳ್ಳು ಬೆಲ್ಲ ಕೊಡಲು ಮಗನ ಜೊತೆ ಎದುರು ಮನೆಗೆ ಹೋದೆ. ಅಜ್ಜ ತಟ್ಟೆ ಕೈಗೆ ತಗೊಂಡವರೇ ಹುರಿಗಡಲೆ ಆರಿಸತೊಡಗಿದರು. ಮತ್ತೆ ಅದೇ ಸಾಲು, ಹಿಂದೆ ಅದೇ ಎರಡು ಕಡಲೆ, ನಡುವೆ ಸಕ್ಕರೆ ಅಚ್ಚು. ಒಂದು ಕಡಲೆಯನ್ನು ಮುಂದೆ ತಳ್ಳಿದರು. ಮಗ ಬಗ್ಗಿ ನೋಡಿದ. ‘ಇವನು ಮುಂದೆ ಬಂದ್ರೆ ಇಲ್ಲಿ ಖಾಲಿ ಅಲ್ವಾ?’ ಅಂತ ಒಂದು ಕೊಬ್ಬರಿ ಚೂರನ್ನು ಆ ಕಡಲೆ ಬಿಟ್ಟುಬಂದ ಜಾಗಕ್ಕೆ ಜರುಗಿಸಿದ. ಅಜ್ಜ ಕನ್ನಡಕ ಮೇಲೇರಿಸಿಕೊಂಡು ನೋಡಿದರು. ಇನ್ನೊಂದು ಕಡಲೆಯನ್ನು ಆ ಕಡೆಗೆ ಒಂದಂಗುಲ ಸರಿಸಿದರು.

‘ಈಗ ಎಸಿ, ನೋಡೋಣ’ ಅಂದರು.