ಅಪೀಲ್ ಹಾಕಿದ ಮಾತ್ರಕ್ಕೆ ದಂಡ ನಿಲ್ಲಲ್ಲ

ನಾನು ತುಮಕೂರಲ್ಲಿ ವಕೀಲರೊಬ್ಬರ ಹತ್ರ ಗುಮಾಸ್ತ. ಟ್ರಾಫಿಕ್ ಚಲನ್ ಹಿಡ್ಕೊಂಡು ಬರೋರಲ್ಲಿ ಅಂತರಸನಹಳ್ಳಿ ಮಾರ್ಕೆಟ್‌ಗೆ ಗಾಡಿ ಓಡ್ಸೋರು, ಬೆಂಗ್ಳೂರಿಗೆ ದಿನಾ ಓಡಾಡೋ ಹುಡುಗ್ರೇ ಜಾಸ್ತಿ, ಎಲ್ರದ್ದೂ ಒಂದೇ ಮಾತು: "ಅಣ್ಣ, ಒಂದ್ ಅಪೀಲ್ ಹಾಕ್ಬಿಡಿ, ದಂಡ ನಿಂತೋಗ್ಲಿ."

ನಾನು ಮೊದ್ಲು ಕೇಳೋದು ಇದು ಬರೀ ಚಲನ್ನಾ ಇಲ್ಲಾ ಕೋರ್ಟ್ ಆರ್ಡರ್ರಾ ಅಂತ. ಬರೀ ಚಲನ್ ಆಗಿದ್ರೆ ತೀರ್ಪೇ ಆಗಿಲ್ವಲ್ಲ, ಯಾವುದ್ರ ಮೇಲೆ ಅಪೀಲು? ಫೋಟೋದಲ್ಲಿರೋದು ನಿಮ್ ಗಾಡಿ ಅಲ್ಲ ಅಂದ್ರೆ (ಕ್ಯಾಮೆರಾ 8ನ್ನ 3 ಅಂತ ಓದಿರೋದೂ ಉಂಟು) ಆರ್‌ಸಿ, ಗಾಡಿ ಫೋಟೋ ಇಟ್ಟು ಟ್ರಾಫಿಕ್ ಪೊಲೀಸ್‌ಗೆ ಅರ್ಜಿ ಕೊಡಿ, ಅಲ್ಲಿ ಆಗ್ಲಿಲ್ಲ ಅಂದ್ರೆ ಕೋರ್ಟಲ್ಲಿ ತಪ್ಪು ಒಪ್ಪಲ್ಲ ಅಂತ ಹೇಳಿ. ಹೆಲ್ಮೆಟ್ ದಂಡ 500 ಈಗ ಕಟ್ಬಿಡ್ತೀನಿ ಆಮೇಲೆ ನೋಡ್ಕೊಳ್ತೀನಿ ಅನ್ನೋರಿಗೆ, ಕಟ್ಟಿದ್ರೆ ಕೇಸು ಅಲ್ಲಿಗೇ ಮುಗೀತು, ಆಮೇಲೆ ನೋಡ್ಕೊಳಕ್ಕೆ ಏನೂ ಉಳ್ದಿರಲ್ಲ.

ಕುಡಿದು ಓಡಿಸಿದ ಕೇಸು ಇನ್ನೂ ಕಷ್ಟ. ಮೋಟಾರು ವಾಹನ ಕಾಯ್ದೆ ಕಲಂ 185, ಮೊದಲ ಸಲಕ್ಕೇ 10,000 ದಂಡ ಇಲ್ಲಾ 6 ತಿಂಗಳವರೆಗೆ ಜೈಲು, ಎರಡೂ ಆಗ್ಬಹುದು. ಬೇಗ ಮುಗೀಲಿ ಅಂತ "ಹೌದು ಸ್ವಾಮಿ" ಅಂದು ಬಂದಿರ್ತಾರೆ, ಆಮೇಲೆ ಅಪೀಲು ಅಂತಾರೆ. ತಪ್ಪೊಪ್ಕೊಂಡ ಮೇಲೆ ಶಿಕ್ಷೆ ಜಾಸ್ತಿ ಆಯ್ತು, ಕಾನೂನು ಪ್ರಕಾರ ಇಲ್ಲ ಅಂತ ವಾದ ಮಾಡ್ಬಹುದು ಅಷ್ಟೇ, ನಾನು ಕುಡ್ದೇ ಇರ್ಲಿಲ್ಲ ಅನ್ನಂಗಿಲ್ಲ.

ವಿಚಾರಣೆ ನಡ್ದು ಮ್ಯಾಜಿಸ್ಟ್ರೇಟ್ ಶಿಕ್ಷೆ ಕೊಟ್ಟಿದ್ರೆ ಸೆಷನ್ಸ್ ಕೋರ್ಟಿಗೆ 30 ದಿನದೊಳಗೆ ಹೋಗ್ಬೇಕು. ಜನ ಎಡವೋದು ಇಲ್ಲೇ, ಅಪೀಲ್ ನಂಬರ್ ಬಿತ್ತಲ್ಲ ಇನ್ನೇನು ಅಂತ ಸುಮ್ನಾಗ್ತಾರೆ, ದಂಡ ವಸೂಲಿ ತನ್ ಪಾಡಿಗೆ ನಡೀತಾ ಇರುತ್ತೆ. ತಡೆ ಬೇಕಂದ್ರೆ ಶಿಕ್ಷೆ ಅಮಾನತಿಗೆ (ಅಪೀಲ್ ಮುಗಿಯೋವರೆಗೆ ಶಿಕ್ಷೆ ತಡೆಹಿಡಿಯೋಕೆ) ಅಂತ ಬೇರೆ ಅರ್ಜಿ ಅಪೀಲ್ ಜೊತೆಗೇ ಹಾಕ್ಬೇಕು, ಬಿಎನ್‌ಎಸ್‌ಎಸ್ (ಕ್ರಿಮಿನಲ್ ಕೇಸು ಹೆಂಗ್ ನಡೀಬೇಕು ಅನ್ನೋ ಕಾನೂನು) ಕಲಂ 430, 2024 ಜುಲೈಗೆ ಮುಂಚೆ ಇದೇ ಹಳೇ ಕಾನೂನು ಸಿಆರ್‌ಪಿಸಿಯ 389 ಆಗಿತ್ತು. ಕೊಡೋದು ಬಿಡೋದು ಜಡ್ಜ್‌ಗೆ ಬಿಟ್ಟಿದ್ದು, ಕೊಟ್ರೆ ಕಾರಣ ಬರೀಬೇಕು, ಒಂದಷ್ಟು ದುಡ್ಡು ಡೆಪಾಸಿಟ್ ಮಾಡಿ ಅಂತಾನೂ ಅನ್ಬಹುದು. ಕೈಯಲ್ಲಿ ಅಷ್ಟು ಕಾಸಿಲ್ಲ ಅನ್ನೋರು ಶಿಕ್ಷೆ ಆದ ದಿನವೇ ಮ್ಯಾಜಿಸ್ಟ್ರೇಟ್ ಹತ್ರ ಟೈಮ್ ಕೇಳಿ. ಬರೀ ದಂಡ ಆಗಿದ್ರೆ ಬಾಂಡ್ ಬರೆಸ್ಕೊಂಡು 30 ದಿನದವರೆಗೆ ಟೈಮೋ, ಎರಡು ಮೂರು ಕಂತೋ ಕೊಡಕ್ಕೆ ಅವಕಾಶ ಇದೆ, ಕೇಳೋರೇ ಕಮ್ಮಿ.

ಇನ್ನು ಡಿಎಲ್. ಆರ್‌ಟಿಓ ಮೋಟಾರು ವಾಹನ ಕಾಯ್ದೆ ಕಲಂ 19ರಲ್ಲಿ ಸಸ್ಪೆಂಡ್ ಮಾಡಿದ್ರೆ ಅದರ ಅಪೀಲೇ ಬೇರೆ, ಆರ್ಡರ್ ಕೈಗೆ ಬಂದ 30 ದಿನದೊಳಗೆ, ಅದಕ್ಕಂತ ಇರೋ ಪ್ರಾಧಿಕಾರದ ಮುಂದೆ. ಸೆಷನ್ಸ್ ಕೋರ್ಟ್ ದಂಡಕ್ಕೆ ತಡೆ ಕೊಡ್ತು ಅಂತ ಆ ಕಾಗದ ಜೇಬಲ್ಲಿಟ್ಕೊಂಡು ಲಾರಿ ಹತ್ಬೇಡಿ, ಆರ್‌ಟಿಓ ಆರ್ಡರ್ ಹಂಗೇ ಇರುತ್ತೆ.