ಮೇಜಿನ ಮೇಲೊಂದು ದಿಣ್ಣೆ

ಪುಟ್ಟ ಸೈನಿಕರ ಗೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ, ಅಳತೆಪಟ್ಟಿ ಮತ್ತು ದಾಳಗಳ ನೆರವಿನಿಂದ ಹಳೆಯ ಕದನಗಳನ್ನು ಆಡುವ ಹವ್ಯಾಸ ನನ್ನದು. 1799ರ ಮಾರ್ಚ್ 27ರಂದು ಟಿಪ್ಪುವಿನ ಸೈನ್ಯಕ್ಕೂ ಬ್ರಿಟಿಷರ ಜನರಲ್ ಹ್ಯಾರಿಸ್‌ನ ಸೈನ್ಯಕ್ಕೂ ನಡೆದ ಮಳವಳ್ಳಿ ಕದನವನ್ನು ಆಡಲು ಹೊರಟಾಗ ನೆಲವೇ ದೊಡ್ಡ ತೊಡಕಾಯಿತು. ಟಿಪ್ಪು ತನ್ನ ಪಡೆಯನ್ನು ನಿಲ್ಲಿಸಿದ್ದು ಎತ್ತರದ ಜಾಗದಲ್ಲಿ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ನನ್ನ ಮೇಜಾದರೋ ಪೂರ್ತಿ ಸಪಾಟು.

ಮೊದಲು ಥರ್ಮಾಕೋಲ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿದೆ. ಮನೆಯಲ್ಲಿದ್ದ ಚಪ್ಪಲಿ ಅಂಟನ್ನು ಬಳಸಿದ್ದರಿಂದ ಅದರ ದ್ರಾವಕಕ್ಕೆ ಥರ್ಮಾಕೋಲ್ ಕರಗಿ, ಗುಡ್ಡದ ನಡುವೆ ಬಾವಿ ತೋಡಿದಂತಾಯಿತು. (ಸ್ಪ್ರೇ ಬಣ್ಣವೂ ಹೀಗೆಯೇ ತಿನ್ನುತ್ತದೆ.) ಎರಡನೆಯ ಸಲ ಮರಗೆಲಸದ ಬಿಳಿ ಅಂಟು ಹಚ್ಚಿದ್ದರಿಂದ ಗುಡ್ಡವೇನೋ ನಿಂತಿತು, ಆದರೆ ದಸರೆಯಲ್ಲಿ ಬೊಂಬೆ ಕೂರಿಸುವ ಮೆಟ್ಟಿಲಿನಂತೆ ಕಂಡಿತು.

ಮೈಸೂರಿನವರಾದ ನಮಗೆ ಎತ್ತರವೆಂದರೆ ಚಾಮುಂಡಿ ಬೆಟ್ಟ. ಮಳವಳ್ಳಿಯ ಕಡೆಯ ನೆಲ ಅಂಥದ್ದಲ್ಲ. ಅಲ್ಲಿ ಬಸ್ಸಿನಲ್ಲಿ ಕುಳಿತವನಿಗೆ ಏರಿದ್ದೂ ಇಳಿದದ್ದೂ ತಿಳಿಯುವುದಿಲ್ಲ. ನಡೆದು ಹೋಗುವಾಗ ಮಾತ್ರ, ದಿಣ್ಣೆಯಾಚೆಯಿಂದ ಬರುವ ಎತ್ತಿನ ಗಾಡಿಯ ಕೊಂಬುಗಳು ಮೊದಲು, ಆಮೇಲೆ ನೊಗ, ಕೊನೆಗೆ ಚಕ್ರ ಕಾಣಿಸಿದಾಗ, ಒಂದು ಇಡೀ ದಂಡು ಅಲ್ಲಿ ಅಡಗಬಹುದೆಂದು ಹೊಳೆಯುತ್ತದೆ. ನನಗೆ ಬೇಕಾದದ್ದು ಆ ಏರು.

ಹಾಗಾಗಿ ಬಿಡಿ ಗುಡ್ಡಗಳ ಆಸೆ ಬಿಟ್ಟು, ಥರ್ಮಾಕೋಲನ್ನು ಬಟ್ಟೆಯ ಕೆಳಗೆ ಇಟ್ಟೆ. ಎರಡೂವರೆ ಸೆಂಟಿಮೀಟರ್ ಎತ್ತರಕ್ಕೆ ಕನಿಷ್ಠ 15 ಸೆಂಟಿಮೀಟರ್ ಇಳಿಜಾರು ಬರುವಂತೆ ಅಂಚುಗಳನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊರೆದು, ಮರಳು ಕಾಗದದಿಂದ ಉಜ್ಜಿದೆ. ಬಿಳಿ ಕಾಳುಗಳು ಕೈಗೂ ಪಂಚೆಗೂ ಅಂಟಿಕೊಂಡು, ಕೊಡವಿದಷ್ಟೂ ಮತ್ತೆ ಹತ್ತುತ್ತಿದ್ದವು. ಇದಕ್ಕಿಂತ ಕಡಿದಾದರೆ ಗೊಂಬೆಗಳು ಜಾರುತ್ತವೆ. ಮೇಲೆ ಹೊದಿಸಿದ ಗೋಣಿ ಬಟ್ಟೆಯ ಒರಟುತನ ಅವುಗಳ ಪೀಠವನ್ನು ಹಿಡಿದುಕೊಳ್ಳುತ್ತದೆ. ಬಟ್ಟೆಗೆ ಕೆಮ್ಮಣ್ಣಿನ ಬಣ್ಣ ಬಳಿದು, ಏರಿನ ಮೇಲೆ ಮಾತ್ರ ಒಣ ಕುಂಚದಿಂದ ತಿಳಿ ಹಳದಿಯನ್ನು ಸವರಿದೆ. ಈಗಿನ ಕಬ್ಬು, ಭತ್ತದ ಹಸಿರನ್ನು ಬೇಕೆಂದೇ ಬಿಟ್ಟೆ; ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದೇ 1911ರಲ್ಲಿ, ಅದರ ನಾಲೆಯ ನೀರು ಈ ಹೊಲಗಳಿಗೆ ಬಂದದ್ದು ಇನ್ನೂ ಆಮೇಲೆ.

ಅಳತೆಯ ಲೆಕ್ಕ ಮಾತ್ರ ಕೊನೆಗೂ ಕೂಡಿಬರಲಿಲ್ಲ. ಒಂದು ಸೆಂಟಿಮೀಟರಿಗೆ ಹತ್ತು ಮೀಟರ್ ಎಂದು ಹಿಡಿದರೆ, 15 ಮಿಲಿಮೀಟರ್ ಎತ್ತರದ ನನ್ನ ಸಿಪಾಯಿ 15 ಮೀಟರ್ ಎತ್ತರದ ದೈತ್ಯನಾಗುತ್ತಾನೆ! ಪ್ರಷ್ಯದ ರೀಸ್‌ವಿಟ್ಸ್ 1812ರಲ್ಲಿ ತನ್ನ ದೊರೆಗೆ ಒಪ್ಪಿಸಿದ ಯುದ್ಧದಾಟದಲ್ಲಿ ನೆಲದ ಉಬ್ಬುತಗ್ಗುಳ್ಳ ಬಿಲ್ಲೆಗಳನ್ನು ಜೋಡಿಸಬೇಕಿತ್ತು. 1824ರಲ್ಲಿ ಅವನ ಮಗ ಅವನ್ನು ಬಿಟ್ಟು ನಕ್ಷೆಯ ಮೇಲೆಯೇ ಆಡಿಸಿದ. ನನಗೆ ಅಷ್ಟು ದೂರ ಹೋಗಲು ಮನಸ್ಸಿಲ್ಲ. ದಿಣ್ಣೆಯ ನೆತ್ತಿಯುದ್ದಕ್ಕೂ ಕಪ್ಪು ದಾರವೊಂದನ್ನು ಹೊಲಿದು, ಅದರಾಚೆಗೆ ಇರುವುದು ಈಚೆಯವರಿಗೆ ಕಾಣುವುದಿಲ್ಲವೆಂದು ನಿಯಮ ಮಾಡಿದೆ.

ಮೊದಲ ಆಟದಲ್ಲಿ ಅಕ್ಕನ ಮಗ ಟಿಪ್ಪುವಿನ ಪಕ್ಷ ವಹಿಸಿ, ಕುದುರೆ ಸವಾರರನ್ನೆಲ್ಲ ದಾರದಾಚೆ ನಿಲ್ಲಿಸಿದ. ನಾನು ತೋಪುಗಳನ್ನು ಆ ಕಡೆ ತಿರುಗಿಸಲು ಕೈ ಚಾಚಿದ್ದೇ ತಡ, "ಮಾವ, ನಿಮಗದು ಕಾಣಲ್ಲ," ಎಂದು ತಡೆದ. ಕಣ್ಣೆದುರಿಗೇ ಇದ್ದ ಆ ಸವಾರರತ್ತ ನನ್ನ ಕಾಲಾಳುಗಳನ್ನು ಏನೂ ಅರಿಯದವರಂತೆ ನಡೆಸಿಕೊಂಡು ಹೋಗಬೇಕಾಯಿತು.