"ಖರ್ಚಿನ ಚಿಂತೆ ಇಲ್ಲ, ಮೂರು ದಿನ ಇದೆ, ನಿಮ್ಮ ಕಡೆ ಎಲ್ಲಿ ಹೋಗೋಣ?"

ತಿಂಗಳಿಗೆ ಒಂದೆರಡಾದರೂ ಇಂಥ ಫೋನ್ ಬರುತ್ತವೆ. ಬೆಂಗಳೂರಿನ ಗೆಳೆಯರು, ಗೆಳೆಯರ ಗೆಳೆಯರು, ಒಮ್ಮೊಮ್ಮೆ ಪರಿಚಯವೇ ಇಲ್ಲದವರು. ನಾನು ಬಾಗಲಕೋಟೆ ನವನಗರದವನು, ರಜೆ ಸಿಕ್ಕರೆ ಬಾದಾಮಿ ಕಡೆ ಅಡ್ಡಾಡುತ್ತೇನೆ ಅನ್ನುವುದೊಂದೇ ನನ್ನ ಅರ್ಹತೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ. ರೂಮ್ ಚೆನ್ನಾಗಿರಬೇಕು, ಸ್ವಲ್ಪ ಅಡ್ವೆಂಚರ್ ಇರಬೇಕು, ರೊಕ್ಕ ಎಷ್ಟಾದರೂ ಪರವಾಗಿಲ್ಲ, ಶುಕ್ರವಾರ ರಾತ್ರಿ ಹೊರಡುತ್ತೇವೆ, ಏನೇನು ನೋಡಬಹುದು?

ನಾನು ತಿರುಗಿ ಕೇಳುವುದೂ ಒಂದೇ. "ಯಾವ ತಿಂಗಳು?"

ಬಜೆಟ್ ಕೇಳ್ತಾನೆ ಅಂದುಕೊಂಡಿರುತ್ತಾರೆ ಪಾಪ. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳಲ್ಲಿ ಪ್ರವಾಸ ಕೆಡುವುದು ರೊಕ್ಕ ಕಡಿಮೆ ಬಿದ್ದು ಅಲ್ಲ, ತಿಂಗಳು ತಪ್ಪಿ. ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು.

ನಮ್ಮ ಅಕ್ಕನ ಗಂಡ, ಅಂದರೆ ನಮ್ಮ ಮಾಮಾ, ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲೇ ಇದ್ದಾರೆ. ಒಂದು ಮಾರ್ಚ್ ಕೊನೆಗೆ ಕುಟುಂಬ ಸಮೇತ ಬಂದರು. ದೊಡ್ಡ ಕಾರು ಮಾಡಿಸಿ ಎಲ್ಲರನ್ನೂ ಗೋಕಾಕ ಜಲಪಾತಕ್ಕೆ ಕರೆದುಕೊಂಡು ಹೊರಟೆ. ದಾರಿಯುದ್ದಕ್ಕೂ ನನ್ನದೇ ಭಾಷಣ. ಘಟಪ್ರಭಾ 52 ಮೀಟರ್ ಎತ್ತರದಿಂದ ಬೀಳುತ್ತಾಳೆ, ಕುದುರೆ ಲಾಳದಂಥ ಆಕಾರ, ಬಹಳ ಹಿಂದೆಯೇ ಈ ನೀರಿನಿಂದ ಕರೆಂಟ್ ತೆಗೆದಿದ್ದರು, ಹೀಗೆ. ಹೋಗಿ ನಿಂತರೆ ಬರೀ ಬಂಡೆ. ಮೂಲೆಯಲ್ಲೊಂದು ಕಡೆ ನಲ್ಲಿ ಬಂದ್ ಮಾಡಲು ಮರೆತಂತೆ ಒಂದಿಷ್ಟು ನೀರು ಸುರಿಯುತ್ತಿತ್ತು. ಮಾಮಾ ಕೂಲಿಂಗ್ ಗ್ಲಾಸ್ ತೆಗೆದರು. ಆ ಕಡೆ ನೋಡಿದರು, ಈ ಕಡೆ ನೋಡಿದರು.

"ಅಲ್ಲೋ ತಮ್ಮಾ, ಫಾಲ್ಸ್ ಎಲ್ಲೈತಿ?"

"ಇದೇ ರೀ ಮಾಮಾ."

ಈ ಮಾತು ನಮ್ಮ ಮನೆಯಲ್ಲಿ ಇನ್ನೂ ಓಡುತ್ತಿದೆ. ಊಟಕ್ಕೆ ಕೂತಾಗ ಸಾರು ತೆಳ್ಳಗಾದರೂ ಸಾಕು, ಯಾರಾದರೂ "ಬೇಳೆ ಎಲ್ಲೈತಿ?" ಅನ್ನುತ್ತಾರೆ. ಎಲ್ಲರೂ ನನ್ನ ಮುಖ ನೋಡುತ್ತಾರೆ.

ಹಾಗಾಗಿ ಮೊದಲು ತಿಂಗಳು. ನವೆಂಬರ್‌ನಿಂದ ಫೆಬ್ರವರಿ ಒಳಗೆ ಅಂದರೆ ನನ್ನ ಉತ್ತರ ಬಾದಾಮಿ. ಮೂರೂ ದಿನ ಬಾದಾಮಿಯೇ. ಇದಕ್ಕೆ ಯಾರೂ ಒಮ್ಮೆಗೇ ಒಪ್ಪುವುದಿಲ್ಲ. "ಬಾದಾಮಿ ಅರ್ಧ ದಿನದ್ದಲ್ವಾ? ಸ್ಕೂಲ್ ಟ್ರಿಪ್‌ನಲ್ಲಿ ನೋಡಿದ್ದೀವಿ" ಅನ್ನುತ್ತಾರೆ. ಹೌದು, ಎಲ್ಲರೂ ನೋಡಿದ್ದಾರೆ. ಬೆಳಿಗ್ಗೆ ನಾಲ್ಕು ಗುಹೆ, ಬನಶಂಕರಿ, ಮಧ್ಯಾಹ್ನ ಪಟ್ಟದಕಲ್ಲು, ಐಹೊಳೆ, ರಾತ್ರಿ ಬಸ್ಸಿನಲ್ಲಿ ವಾಂತಿ. ಅದನ್ನು ನೋಡಿದ್ದೇವೆ ಅನ್ನಬಹುದಾ?

ನೀವು ನೋಡದೇ ಬಿಟ್ಟಿದ್ದು ಬಂಡೆ. ಗುಹೆ ಇರುವ ಬಂಡೆಯಲ್ಲ, ಊರಿನ ಸುತ್ತ ಕೋಟೆ ಗೋಡೆಯ ಹಾಗೆ ನಿಂತಿರುವ ಉಳಿದ ಕೆಂಪು ಬಂಡೆಗಳು. ದೇಶದಲ್ಲಿ ರಾಕ್ ಕ್ಲೈಂಬಿಂಗ್ ಮಾಡುವವರಿಗೆ ಬಾದಾಮಿ ಅಂದರೆ ಚಾಲುಕ್ಯರಿಗಿಂತ ಮೊದಲು ನೆನಪಾಗುವುದು ಈ ಬಂಡೆ. ಹೊರದೇಶದವರು ಚಳಿಗಾಲದಲ್ಲಿ ಬಂದು ವಾರಗಟ್ಟಲೆ ಇರುತ್ತಾರೆ. ಇಲ್ಲಿ 'ಗಣೇಶ' ಅನ್ನುವ ಹೆಸರಿನ ಒಂದು ದಾರಿ ಇದೆ. ಹತ್ತುವವರ ಲೆಕ್ಕದಲ್ಲಿ ಅದು 8ಬಿ+, ದೇಶದ ಅತಿ ಕಷ್ಟದ ದಾರಿಗಳಲ್ಲಿ ಒಂದು. ನಮ್ಮಂಥವರು ಅದನ್ನು ಕೆಳಗೆ ನಿಂತು ನೋಡಿ ಕೈಮುಗಿಯಬಹುದು ಅಷ್ಟೇ.

ಕಲ್ಲಿನ ಗುಣ ಸ್ವಲ್ಪ ಹೇಳಬೇಕು, ಯಾಕಂದರೆ ಎಲ್ಲ ಅದರ ಮೇಲೇ ನಿಂತಿದೆ. ಇದು ಮರಳುಗಲ್ಲು, ಪದರ ಪದರವಾಗಿ ಕೂತದ್ದು. ಆ ಪದರಗಳಿಂದಲೇ ಬಂಡೆಯ ಮೈಮೇಲೆ ಬೆರಳು ಸಿಕ್ಕಿಸಲು, ಬೂಟಿನ ತುದಿ ಇಡಲು ಅಡ್ಡ ಅಂಚುಗಳು ಸಿಗುತ್ತವೆ. ಗ್ರಾನೈಟಿನಷ್ಟು ಹಟಮಾರಿ ಕಲ್ಲಲ್ಲ, ಉಳಿಗೆ ಬೇಗ ಬಗ್ಗುತ್ತದೆ. ಅದಕ್ಕೇ ಚಾಲುಕ್ಯರ ಶಿಲ್ಪಿಗಳಿಗೆ ಇಲ್ಲಿ ಹದಿನೆಂಟು ಕೈಯ ನಟರಾಜನನ್ನು ಕೆತ್ತಲು ಆಯಿತು. ಆದರೆ ಮಳೆ ಬಂದರೆ ಈ ಕಲ್ಲು ನೀರು ಕುಡಿಯುತ್ತದೆ, ಮೆತ್ತಗಾಗುತ್ತದೆ, ಹಿಡಿದ ಅಂಚು ಕೈಗೇ ಬರಬಹುದು. ಮಳೆ ಬಿದ್ದ ಮೇಲೆ ಒಂದೆರಡು ದಿನ ಒಣಗಲು ಬಿಡಬೇಕು. ಬೇಸಿಗೆಯಲ್ಲಿ ಬಂಡೆ ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ, ಕೈ ಬೆವೆತು ಜಾರುತ್ತದೆ. ತಿಂಗಳು ಯಾಕೆ ಕೇಳಿದೆ ಅಂತ ಈಗ ಗೊತ್ತಾಯಿತಲ್ಲ.

ನಾನು ಇಲ್ಲೇ ಹುಟ್ಟಿ ಬೆಳೆದರೂ ಮೊದಲ ಸಲ ಹಗ್ಗ ಕಟ್ಟಿಕೊಂಡದ್ದು ನಲವತ್ತು ದಾಟಿದ ಮೇಲೆ. ಹೊಸಬರನ್ನು ಟಾಪ್ ರೋಪ್ ಮೇಲೆ ಹತ್ತಿಸುತ್ತಾರೆ. ಹಗ್ಗ ಮೇಲಿನ ಕೊಂಡಿಯಿಂದ ಇಳಿದು ಬರುತ್ತದೆ. ಒಂದು ತುದಿ ನಿಮ್ಮ ಸೊಂಟದ ಹಾರ್ನೆಸ್‌ಗೆ, ಇನ್ನೊಂದು ಕಡೆಯದು ಕೆಳಗೆ ನಿಂತವನ ಕೈಯಲ್ಲಿ. ಕೈ ಜಾರಿದರೆ ಒಂದೆರಡು ಅಡಿ ಇಳಿದು ತೂಗುತ್ತೀರಿ, ಬೀಳುವುದಿಲ್ಲ. ಸೊಂಟದ ಮುಂದಿನ ಗಂಟು ಎಂಟರ ಅಂಕಿಯ ಹಾಗಿರುತ್ತದೆ. ಅದನ್ನು ನೀವೂ ನೋಡಬೇಕು, ಕಲಿಸುವವನೂ ನೋಡಬೇಕು, ಪ್ರತಿ ಸಲ. ಹೆಲ್ಮೆಟ್ ಕೊಡದವನ ಹತ್ತಿರ ಹೋಗಲೇಬೇಡಿ.

ಮೊದಲ ಹತ್ತಡಿ ಸಲೀಸು. ಆಮೇಲೆ ಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿತು. "ಸರ, ಕೈಲೆ ಎಳಕೋಬ್ಯಾಡ್ರೀ, ಕಾಲಿನ ಮ್ಯಾಲೆ ನಿಲ್ರೀ" ಅಂತ ಕೆಳಗಿನಿಂದ ಹುಡುಗ ಕೂಗುತ್ತಿದ್ದ. ಅವನ ವಯಸ್ಸು ನನ್ನ ಅರ್ಧ. ಹೇಗೋ ಮೇಲಿನ ಕೊಂಡಿ ಮುಟ್ಟಿದೆ. ತಿರುಗಿ ನೋಡಿದರೆ ಅಗಸ್ತ್ಯ ತೀರ್ಥ, ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಣ್ಣುಮಕ್ಕಳು. ಬಟ್ಟೆ ಎತ್ತಿ ಕಲ್ಲಿಗೆ ಬಡಿಯುವುದು ಕಾಣುತ್ತದೆ, ಅದರ ಸಪ್ಪಳ ಒಂದು ಗಳಿಗೆ ಬಿಟ್ಟು ಬರುತ್ತದೆ. ಅಷ್ಟು ದೂರ, ಅಷ್ಟು ಎತ್ತರ. ಎಷ್ಟೋ ವರ್ಷದಿಂದ ನೋಡಿದ ಹೊಂಡ ಅದು. ಆ ಸಪ್ಪಳ ತಡವಾಗಿ ಬರುವುದನ್ನು ಮಾತ್ರ ಅವತ್ತೇ ಕೇಳಿದ್ದು.

ಬಾದಾಮಿಯಲ್ಲೇ ಕಲಿಸುವ ಹುಡುಗರಿದ್ದಾರೆ. ಸರ್ಕಾರದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಕೂಡ ಇಲ್ಲಿ ಶಿಬಿರ ಮಾಡಿಸುತ್ತದೆ. ಒಂದು ಮಾತು ನೆನಪಿಡಿ. ಗುಹೆ, ಗುಡಿ, ಕೋಟೆಯ ಗೋಡೆಗಳನ್ನು ಹತ್ತುವುದು ಅಪರಾಧ, ಅವು ಪುರಾತತ್ವ ಇಲಾಖೆಯವು. ಇನ್ನೊಂದು, ಬಾಳೆಹಣ್ಣು ಕೈಯಲ್ಲಿ ಹಿಡಿದು ಓಡಾಡಬೇಡಿ. ಬಾದಾಮಿಯ ಮಂಗಗಳಿಗೆ ಹಗ್ಗವೂ ಬೇಡ, ಹೆಲ್ಮೆಟ್ಟೂ ಬೇಡ.

ಸರಿ, ಲಕ್ಸುರಿ ಎಲ್ಲಿ ಅಂತೀರಾ? ನೇರವಾಗಿ ಹೇಳುತ್ತೇನೆ. ರಾಜಸ್ಥಾನದ ಅರಮನೆ ಹೋಟೆಲ್ ಥರದ್ದು ನಮ್ಮ ಕಡೆ ಇಲ್ಲ. ಸ್ವಚ್ಛವಾದ ಎಸಿ ರೂಮು, ಬಿಸಿನೀರು, ಕೆಲವು ಕಡೆ ಈಜುಕೊಳ, ಇಷ್ಟು ಸಿಗುತ್ತದೆ. 2008ರಲ್ಲಿ ಗೋಲ್ಡನ್ ಚಾರಿಯಟ್ ಐಷಾರಾಮಿ ರೈಲು ಶುರುವಾದಾಗ ಅದು ಬಾದಾಮಿಗೂ ಬರುತ್ತಿತ್ತು. ಕದಂಬ, ಚಾಲುಕ್ಯ, ಆದಿಲ್ ಶಾಹಿ ಅಂತ ಬೋಗಿಗಳಿಗೆ ರಾಜಮನೆತನಗಳ ಹೆಸರು. ಚಾಲುಕ್ಯರ ಹೆಸರಿನ ಬೋಗಿ ಚಾಲುಕ್ಯರ ಊರಿಗೆ ಬಂದು ನಿಲ್ಲುವುದು ಚಂದವೇ. ಆದರೆ ಅದರಲ್ಲಿ ಬಂದವರೂ ಅರ್ಧ ದಿನದಲ್ಲಿ ಎಲ್ಲ ಮುಗಿಸಿ ಹತ್ತಿಬಿಡುತ್ತಿದ್ದರು. ನಾನಂತೂ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ಸಿನ ಎಸಿ ಬೋಗಿಯಲ್ಲಿ ಬನ್ನಿ ಅನ್ನುತ್ತೇನೆ. ಬೆಂಗಳೂರಿನಲ್ಲಿ ಮಲಗಿದರೆ ಬಾದಾಮಿಗೇ ತಂದು ಇಳಿಸುತ್ತದೆ. ವಿಮಾನವೇ ಬೇಕು ಅಂದರೆ ಹುಬ್ಬಳ್ಳಿಗೆ ಬಂದು ಕಾರು ಹಿಡಿಯಿರಿ.

ಉಳಿಸಿದ ರೊಕ್ಕವನ್ನು ಮನುಷ್ಯರ ಮೇಲೆ ಹಾಕಿ. ಮೂರು ದಿನಕ್ಕೂ ಒಬ್ಬನೇ ಡ್ರೈವರ್ ಜೊತೆ ಕಾರು, ಅವನಿಗೂ ಒಳ್ಳೆಯ ಊಟ, ಮಲಗಲು ಜಾಗ. ಕಲ್ಲು ಹತ್ತಿಸಲು ನಿಮಗಷ್ಟೇ ಒಬ್ಬ ಹುಡುಗ. ಪಟ್ಟದಕಲ್ಲಿನಲ್ಲಿ ಒಳ್ಳೆಯ ಗೈಡ್, ಅದೂ ಅರ್ಧ ತಾಸಿಗಲ್ಲ, ಪೂರ್ತಿ ಮುಂಜಾನೆಗೆ. ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಕಂಬಗಳನ್ನು ಒಂದೊಂದಾಗಿ ಓದಿ ಹೇಳುವವರು ಸಿಕ್ಕರೆ ಊಟದ ಹೊತ್ತು ಮರೆತುಹೋಗುತ್ತದೆ. ಅಲ್ಲಿ ಮಲಪ್ರಭಾ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಈ ನದಿ ಇನ್ನೊಮ್ಮೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಎರಡನೇ ದಿನ ಸಿಡಿಲಫಡಿ. ಬಾದಾಮಿಯಿಂದ ಗುಡ್ಡದ ದಾರಿಯಲ್ಲಿ ನಡೆದು ಹೋಗಬೇಕು. ಅಂಗಡಿ ಇಲ್ಲ, ನೀರಿಲ್ಲ, ಬೋರ್ಡ್ ನಂಬಬೇಡಿ, ಊರಿನ ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ. ಸೇತುವೆಯ ಹಾಗೆ ಬಾಗಿದ ದೊಡ್ಡ ಬಂಡೆ, ಮೇಲೆ ಆಕಾಶ ಕಾಣುವ ತೂತು. ಸಿಡಿಲು ಬಡಿದು ಆದದ್ದು ಅಂತ ಜನ ಹೇಳುತ್ತಾರೆ. ಗುಹೆಗಳನ್ನು ಕೊರೆಯುವುದಕ್ಕೆ ಸಾವಿರಾರು ವರ್ಷ ಮೊದಲು ಅಲ್ಲಿ ಯಾರೋ ಪ್ರಾಣಿ, ಮನುಷ್ಯರ ಚಿತ್ರ ಬರೆದು ಹೋಗಿದ್ದಾರೆ. ಮುಟ್ಟದೆ ನೋಡಿ. ಬಂದ ಮೇಲೆ ಮಹಾಕೂಟಕ್ಕೆ ಹೋಗಿ ಪುಷ್ಕರಣಿಯಲ್ಲಿ ಮುಳುಗಿ. ನೆಲದಿಂದ ಉಕ್ಕುವ ತಣ್ಣನೆ ನೀರು, ನಡುವೆ ಪುಟ್ಟ ಮಂಟಪ. ಮೈಕೈ ನೋವಿಗೆ ಇದಕ್ಕಿಂತ ಒಳ್ಳೆಯ ಸ್ಪಾ ನನಗೆ ಗೊತ್ತಿಲ್ಲ. ಸಂಜೆ ಭೂತನಾಥನ ಗುಡಿಯ ಕಟ್ಟೆ, ಮುಳುಗುವ ಬಿಸಿಲು ಹೊಂಡದ ಮೇಲಿಂದ ನೇರ ಗುಡಿಗೇ ಬೀಳುತ್ತದೆ.

ಮಧ್ಯಾಹ್ನದ ಊಟ ಹೋಟೆಲಿನಲ್ಲಿ ಬೇಡ. ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಅಮ್ಮಂದಿರು ಕೂತಿರುತ್ತಾರೆ. ಕಟಕ್ ಜೋಳದ ರೊಟ್ಟಿ, ಝುಣಕ, ಕೆಂಪು ಚಟ್ನಿ, ಶೇಂಗಾ ಹಿಂಡಿ, ಪುಟ್ಟ ಗಡಿಗೆಯಲ್ಲಿ ಗಟ್ಟಿ ಮೊಸರು. "ಇನ್ನೊಂದು ರೊಟ್ಟಿ ತಗೋರೀ ಯಪ್ಪಾ" ಅಂತ ಕೇಳದೆಯೇ ಹಾಕುತ್ತಾರೆ. ಪುಷ್ಯ ಮಾಸದ ಹುಣ್ಣಿಮೆಗೆ ಬಂದರೆ ಜಾತ್ರೆ, ತೇರು, ರಾತ್ರಿಯಿಡೀ ನಾಟಕ ಕಂಪನಿಗಳ ಆಟ. ಆದರೆ ಆಗ ರೂಮಿನ ಆಸೆ ಬಿಟ್ಟು ಬನ್ನಿ.

ವಿಜಯಪುರದ ಬಗ್ಗೆ ಎರಡೇ ಮಾತು ಹೇಳುತ್ತೇನೆ. ಗೋಲ್ ಗುಂಬಜ್‌ಗೆ ಗೇಟು ತೆಗೆದ ಕೂಡಲೇ ಹೋಗಿ. 44 ಮೀಟರ್ ಅಗಲದ ಗುಮ್ಮಟದ ಕೆಳಗೆ, ಗ್ಯಾಲರಿಯ ಗೋಡೆಗೆ ಬಾಯಿ ಇಟ್ಟು ಪಿಸುಗುಟ್ಟಿದರೆ ಎದುರು ಗೋಡೆಗೆ ಕಿವಿ ಇಟ್ಟವರಿಗೆ ಕೇಳುತ್ತದೆ. ಒಂಬತ್ತು ಗಂಟೆಯ ಮೇಲೆ ಶಾಲೆ ಮಕ್ಕಳ ಕೂಗು ಏಳೇಳು ಸಲ ತಿರುಗಿ ಬರುತ್ತದೆ, ಪಿಸುಮಾತು ದೂರವೇ ಉಳಿಯಿತು. ಎರಡನೆಯದು, ಸೈಕಲ್ ಇದ್ದರೆ ತನ್ನಿ. ಈ ಸೀಮೆಯ ಹಳ್ಳಿಗಳಿಂದ ಎಷ್ಟೋ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸೈಕಲ್ ರೇಸಿಗೆ ಹೋಗಿದ್ದಾರೆ. ಬೆಳಕು ಹರಿಯುವ ಮೊದಲೇ ಬಯಲಿನ ರಸ್ತೆಗಳಲ್ಲಿ ಸಾಲಾಗಿ ಹೋಗುತ್ತಿರುತ್ತಾರೆ. ಅವರ ಹಿಂದೆ ಬಿದ್ದು ನೋಡಿ. ಎದುರು ಗಾಳಿ ಅಂದರೇನು ಅಂತ ತಿಳಿಯುತ್ತದೆ. ಎರಡು ಕಿಲೋಮೀಟರ್ ಆದ ಮೇಲೆ ಅವರು ಕಾಣುವುದಿಲ್ಲ.

ಮಾರ್ಚ್‌ನಿಂದ ಮೇ? ಬರಬೇಡಿ. ಮಾವಿನಹಣ್ಣು ತಿನ್ನುತ್ತಾ ಮನೆಯಲ್ಲಿರಿ.

ಜುಲೈನಿಂದ ಸೆಪ್ಟೆಂಬರ್ ಅಂದರೆ ಬೇರೆಯೇ ಉತ್ತರ, ಬೆಳಗಾವಿ ಜಿಲ್ಲೆಯ ಖಾನಾಪುರ. ನಾವು ಬಯಲು ಸೀಮೆಯವರಿಗೆ ಅದು ಬೇರೆ ದೇಶ. ದಟ್ಟ ಕಾಡು, ಜಿಗಣೆ, ದಿನವಿಡೀ ಮಳೆ. ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿನ ಬಾರಾಪೆಡೆ ಗುಹೆಯಲ್ಲಿ ಒಂದು ಅಪರೂಪದ ಬಾವಲಿ ಇದೆ. ಬಹಳ ಕಾಲ ಜಗತ್ತಿನಲ್ಲಿ ಇದೊಂದೇ ಕಡೆ ಇದೆ ಅಂತ ತಿಳಿದಿದ್ದರು. ಆ ಗುಹೆಗೆ ನುಗ್ಗುವ ಸಾಹಸ ಬೇಡ, ಅವುಗಳ ಪಾಡಿಗೆ ಬಿಡಿ. ಹೆಮ್ಮಡಗಾದಲ್ಲಿ ಅರಣ್ಯ ಇಲಾಖೆಯ ನೇಚರ್ ಕ್ಯಾಂಪ್ ಇದೆ. ಮಳೆಗಾಲದಲ್ಲಿ ಯಾವ ದಾರಿ ತೆರೆದಿದೆ, ಯಾವುದು ಬಂದ್ ಅಂತ ಅರಣ್ಯ ಇಲಾಖೆಯನ್ನು ಕೇಳಿಯೇ ಹೊರಡಿ. ಸುಮ್ನೆ ರೀಲ್ಸ್ ನೋಡಿ ಜಲಪಾತಕ್ಕೆ ಇಳಿದವರ ಸುದ್ದಿ ಪ್ರತಿ ವರ್ಷ ಓದುತ್ತೇವೆ.

ಅಲ್ಲಿಂದ ಕಣಕುಂಬಿಗೆ ಹೋಗಿ. ಮಲಪ್ರಭಾ ಹುಟ್ಟುವುದು ಅಲ್ಲೇ. ಪಟ್ಟದಕಲ್ಲಿನಲ್ಲಿ ಗುಡಿಗಳ ಬೆನ್ನಿಗೆ ಹರಿಯುವ ನದಿ ಇಲ್ಲಿ ಮಕ್ಕಳು ಹಾರಿ ದಾಟುವಷ್ಟು. ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವವರೆಗೆ 300 ಕಿಲೋಮೀಟರಿಗಿಂತ ಜಾಸ್ತಿ ಹರಿಯುತ್ತದೆ. ಎಂದಾದರೂ ಒಂದು ವಾರ ರಜೆ ಹಾಕಿ ಈ ನದಿಯ ಬೆನ್ನಿಗೇ ಹೋಗಬೇಕು ಅಂತ ನನಗೇ ಒಂದು ಆಸೆ ಇದೆ. ಕಾಡಿನಲ್ಲಿ ಶುರು, ಬಸವಣ್ಣನ ಐಕ್ಯಮಂಟಪದಲ್ಲಿ ಕೊನೆ. ಯಾರಾದರೂ ಬರುವುದಾದರೆ ಹೇಳಿ, ಕಾರಿನ ಖರ್ಚು ಅರ್ಧರ್ಧ.

ಇನ್ನು ಗೋಕಾಕ. ಮಾಮಾನನ್ನು ಮತ್ತೆ ಒಪ್ಪಿಸಲು ನನಗೆ ಎರಡು ವರ್ಷ ಹಿಡಿಯಿತು. ಈ ಸಲ ಆಗಸ್ಟ್. ಮೇಲಿನ ಕಡೆ ವಾರದಿಂದ ಮಳೆ ಸುರಿದಿತ್ತು. ಕಾರಿನಿಂದ ಇಳಿಯುವಾಗಲೇ ಎದೆಯಲ್ಲಿ ಸದ್ದು ಗೊತ್ತಾಗುತ್ತಿತ್ತು. ತುದಿಯಿಂದ ತುದಿಗೆ ಚಹಾದ ಬಣ್ಣದ ನೀರು, ಬಂಡೆ ಒಂದಿಷ್ಟೂ ಕಾಣಲಿಲ್ಲ. ತೂಗುಸೇತುವೆ ಬಂದ್ ಮಾಡಿದ್ದರು, ಬೇಲಿಯ ಈಚೆಗೇ ನಿಂತೆವು. ತುಂತುರಿಗೆ ಮಾಮಾನ ಕನ್ನಡಕ ಮಂಜಾಯಿತು. ಅವರು ನನ್ನ ಕಡೆ ತಿರುಗಿ ಏನೋ ಅಂದರು. ಬಾಯಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ಕೊನೆಗೂ ಹೊಗಳಿದರು ಅಂದುಕೊಂಡು ನಾನೂ ನಕ್ಕು ತಲೆ ಆಡಿಸಿದೆ.

ಊರೊಳಗಿನ ಅಂಗಡಿ ಮುಂದೆ ಕಾರು ನಿಂತಾಗ ಏನಂದಿರಿ ಮಾಮಾ ಅಂತ ಕೇಳಿದೆ.

"ಕರದಂಟು ಎರಡು ಕೆಜಿ ಸಾಕೇನು, ಮೂರು ತಗೊಳ್ಳೋಣೇನು ಅಂತ ಕೇಳಿದ್ನೋ. ನೀ ಯಾಕ ಹಂಗ ನಗಾಕತ್ತಿದ್ದಿ?"